ಸೈಟು ತೋರಿಸುವವರ ರೇರಾ ನಂಬರ್ ನೋಡುವುದು ಹೇಗೆ?

ದಾವಣಗೆರೆಯಲ್ಲಿ ಕ್ರಯಪತ್ರ ಬರೆಯುವುದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಟೋಕನ್ ಕೊಟ್ಟಾದ ಮೇಲೆ ಕೇಳುತ್ತಾರೆ, 'ಈ ಬ್ರೋಕರ್ ನಂಬಬಹುದಾ ಸರ್?' ಅಂತ. ದಯವಿಟ್ಟು ಇದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ. ಮೊಬೈಲಿನಲ್ಲೇ ಆಗುವ ಕೆಲಸ.

ಶಾಮನೂರು ಕಡೆಯೋ ಹದಡಿ ರಸ್ತೆ ಕಡೆಯೋ ಹೊಸ ಲೇಔಟಿನ ಸೈಟು ಇದೆ ಅಂತ ಯಾರಾದರೂ ಬಂದರೆ ಮೊದಲು ಅವರ ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ, ಕೇಳಿ. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೋಂದಣಿಯಾದ ಲೇಔಟಿನಲ್ಲಿ ಡೆವಲಪರ್ ಪರವಾಗಿ ಸೈಟು ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಸೈಟಿನ ಬೆಲೆಯ ಶೇ. 5ರವರೆಗೂ ಏರಬಹುದು.

ಜನ ಮೋಸ ಹೋಗುವುದು ಇಲ್ಲೇ. ನಂಬರ್ ಕೇಳಿದರೆ ಕೆಲವರು ಪಾಂಪ್ಲೆಟ್ ಮೇಲಿರುವುದನ್ನು ತೋರಿಸುತ್ತಾರೆ. ಅದು ಲೇಔಟಿನ ನಂಬರ್, ಅವರದ್ದಲ್ಲ. ಉದ್ದನೆಯ ನಂಬರಿನ ನಡುವೆ ಇಂಗ್ಲಿಷಿನ 'ಪಿಆರ್' ಇದ್ದರೆ ಪ್ರಾಜೆಕ್ಟಿನದು, 'ಎಜಿ' ಇದ್ದರೆ ಏಜೆಂಟರದು. ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಏಜೆಂಟರ ಪಟ್ಟಿ ತೆಗೆದು ಹುಡುಕಿ. ವಾಟ್ಸಾಪಿನಲ್ಲಿ ಕಳಿಸಿದ ಸರ್ಟಿಫಿಕೇಟ್ ಫೋಟೋ ಸಾಕಾಗಲ್ಲ. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ನೋಂದಣಿ 5 ವರ್ಷಕ್ಕೆ ಮಾತ್ರ, ಹಾಗಾಗಿ ಅವಧಿ ಮುಗಿದಿದೆಯಾ ನೋಡಿ. ನಂಬರ್ ಒಂದು ಸಂಸ್ಥೆಯ ಹೆಸರಿನಲ್ಲಿದ್ದು, ಸೈಟು ತೋರಿಸುವ ಹುಡುಗ ಬೇರೆಯಾಗಿದ್ದರೆ ಆ ಸಂಸ್ಥೆಯ ಆಫೀಸಿಗೇ ಹೋಗಿ 'ಇವರು ನಿಮ್ಮವರಾ?' ಅಂತ ಕೇಳಿ. ಸಂಕೋಚ ಬೇಡ, ಹೋಗುವುದು ನಿಮ್ಮ ದುಡ್ಡು ಅಲ್ವಾ?

ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಒಬ್ಬರ ಹಳೆ ಮನೆ ಕೊಡಿಸುವ ಬ್ರೋಕರಿಗೆ ಈ ನೋಂದಣಿ ಕಡ್ಡಾಯವಲ್ಲ. ನಂಬರ್ ಇಲ್ಲ ಅಂತ ಅವರನ್ನು ಕಳ್ಳರು ಅನ್ನಬೇಡಿ. ಅಲ್ಲಿ ಮಾಲೀಕರನ್ನು ನೇರವಾಗಿ ಭೇಟಿ ಮಾಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಸಾಲ, ಹಿಂದಿನ ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ.

ಇನ್ನು, 'ಲೇಔಟ್‌ಗೆ ರೇರಾ ಬೇಕಿಲ್ಲ, ಎನ್‌ಎ (ಕೃಷಿ ಜಮೀನಿನ ಭೂಪರಿವರ್ತನೆ) ಮುಂದೆ ಆಗುತ್ತೆ' ಅನ್ನುವವರ ಜೊತೆ ಮಾತು ಮುಂದುವರಿಸಬೇಡಿ. 500 ಚದರ ಮೀಟರ್‌ಗಿಂತ ಜಾಸ್ತಿ ಜಾಗದ ಹೊಸ ಲೇಔಟ್ ಮಾರುವ ಮೊದಲು ನೋಂದಣಿ ಆಗಲೇಬೇಕು. ನಕ್ಷೆಗೆ ಮಂಜೂರಾತಿ ಸಿಕ್ಕಿದೆಯಾ ಅಂತ ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಆಫೀಸಿನಲ್ಲೂ ವಿಚಾರಿಸಿ.

ಅಡ್ವಾನ್ಸನ್ನು ಬ್ರೋಕರ್ ಕೈಗೆ ಕೊಡಬೇಡಿ, ಅವರ ಫೋನ್‌ಪೇಗೂ ಹಾಕಬೇಡಿ. ಡೆವಲಪರ್ ಖಾತೆಗೇ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಕರಾರು ಪತ್ರ ರಿಜಿಸ್ಟರ್ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಜಾಸ್ತಿ ಕೇಳುವ ಹಕ್ಕು ಡೆವಲಪರ್‌ಗೂ ಇಲ್ಲ. ಪಾಂಪ್ಲೆಟ್, ಮೆಸೇಜು, ರಸೀದಿ ಎಲ್ಲ ಜೋಪಾನವಾಗಿಡಿ. ಏಜೆಂಟರ ಮೇಲೂ ರೇರಾಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಆಗ ಇವೇ ಬೇಕಾಗುತ್ತವೆ.