ಅಕ್ಕನ ಮಗಳಿಗೂ ಅವಳ ಕೂಸಿಗೂ ಒಂದೇ ಲೇಸ್

ಬದಿಯಡ್ಕದ ಸೆಕೆಯಲ್ಲಿ ಕೂತು ಕಾರ್ಡಿಗನ್ ಹೆಣೆಯುತ್ತೇನೆ ಅಂದರೆ ನಗುವವರೇ ಜಾಸ್ತಿ. "ಇಲ್ಲಿ ಸ್ವೆಟರ್ ಯಾರಿಗೆ ಬೇಕು ಮಾರಾಯ್ತಿ?" ಅಂತ ಅತ್ತೆ ಕೇಳುತ್ತಲೇ ಇರುತ್ತಾರೆ. ಬೇಕು. ಅಕ್ಕನ ಮಗಳಿಗೆ ಬೆಂಗಳೂರಿನ ಆಫೀಸಿನ ಎಸಿಗೆ ಒಂದು, ಅವಳ ಕೂಸಿಗೆ ಆಟಿ ತಿಂಗಳ ಮಳೆಗೆ ಒಂದು. ಉಣ್ಣೆ ಅಲ್ಲ, ಹತ್ತಿ ನೂಲು.

ಎರಡಕ್ಕೂ ಆರಿಸಿಕೊಂಡದ್ದು 'ಓಲ್ಡ್ ಶೇಲ್' ಅನ್ನುವ ಲೇಸ್, ಅಂದರೆ ತೂತು ತೂತಾಗಿ ಬರುವ ಹೆಣಿಗೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹಳೇ ವಿನ್ಯಾಸ. ಅಲೆ ಅಲೆಯಾಗಿ ಬರುತ್ತದೆ, 18 ಕುಣಿಕೆಗೆ ಒಂದು ಅಲೆ. ನಾಲ್ಕು ಸಾಲಿಗೊಮ್ಮೆ ಅದೇ ವಿನ್ಯಾಸ ಮತ್ತೆ ಬರುತ್ತದೆ, ಅದರಲ್ಲಿ ಕೆಲಸ ಇರುವುದು ಮೂರನೆಯ ಸಾಲಿನಲ್ಲಿ ಮಾತ್ರ. ಎರಡೆರಡು ಕುಣಿಕೆ ಸೇರಿಸಿ ಮೂರು ಸಲ ಹೆಣೆಯಬೇಕು. ಆಮೇಲೆ ಕಡ್ಡಿಗೆ ನೂಲು ಸುತ್ತಿ ಒಂದು ಕುಣಿಕೆ ಹೆಣೆಯುವುದು, ಹೀಗೆ ಆರು ಸಲ. ಮತ್ತೆ ಎರಡೆರಡು ಸೇರಿಸಿ ಮೂರು ಸಲ. ಆರು ಹೋಯಿತು, ಆರು ಬಂತು. ಸಾಲಿನ ಕೊನೆಗೆ ಕುಣಿಕೆ ಕಡಿಮೆ ಬಿದ್ದರೆ ಹೆಚ್ಚಾಗಿ ಎಲ್ಲೋ ನೂಲು ಸುತ್ತುವುದು ಬಿಟ್ಟುಹೋಗಿರುತ್ತದೆ. ಅದಕ್ಕೇ ಹತ್ತು-ಹನ್ನೆರಡು ಸಾಲಿಗೊಮ್ಮೆ ಬೇರೆ ಬಣ್ಣದ ದಾರವೊಂದನ್ನು ಎಲ್ಲ ಕುಣಿಕೆಯ ಒಳಗಿಂದ ಹಾಯಿಸಿಡುತ್ತೇನೆ. ಬಿಚ್ಚಬೇಕಾಗಿ ಬಂದರೆ ಅಲ್ಲಿಗೆ ನಿಲ್ಲುತ್ತದೆ.

ಲೇಸ್ ಒಂದೇ ಆದರೂ ಅಳತೆಯ ಲೆಕ್ಕ ಎರಡಕ್ಕೂ ಬೇರೆ. ದೊಡ್ಡವಳದಕ್ಕೆ 10ನೇ ನಂಬರ್ ಕಡ್ಡಿ, ಅಂದರೆ 3.25 ಮಿ.ಮೀ. ನನ್ನ ಕೈಗೆ ಇಂಚಿಗೆ ಆರು ಕುಣಿಕೆ ಬರುತ್ತದೆ. 13 ಅಲೆಗೆ 234 ಕುಣಿಕೆ, 39 ಇಂಚು. ಸಾಲದಿದ್ದರೆ ಒಂದು ಅಲೆ ಸೇರಿಸಿದರಾಯಿತು, ಮೂರು ಇಂಚು ಹೆಚ್ಚುತ್ತದೆ. ದೊಡ್ಡವರ ಮೈಗೆ ಮೂರು ಇಂಚು ಏನೂ ಅಲ್ಲ.

ಕೂಸಿಗೆ ಹಾಗಾಗುವುದಿಲ್ಲ. ಕಡ್ಡಿ ಸಪೂರ ಬೇಕು, 12ನೇ ನಂಬರ್. (ಈ ಹಳೇ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಪೂರ. ಹೊಸಬರಿಗೆ ಇದು ಯಾವಾಗಲೂ ಉಲ್ಟಾ ಅನ್ನಿಸುತ್ತದೆ.) ಇಂಚಿಗೆ ಏಳು ಕುಣಿಕೆ. ಏಳು ಅಲೆ ಹಾಕಿದರೆ 18 ಇಂಚು, ಎಂಟು ಹಾಕಿದರೆ ಇಪ್ಪತ್ತೂವರೆ. ಎದೆಯಳತೆ 17, ಸಡಿಲಕ್ಕೆ ಎರಡು ಸೇರಿಸಿದರೆ ನನಗೆ ಬೇಕಾದದ್ದು 19. ಹಾಗಾಗಿ ಏಳೇ ಅಲೆ ಇಟ್ಟು, ಎರಡೂ ಕಂಕುಳ ಕೆಳಗೆ ನಾಲ್ಕು ನಾಲ್ಕು ಸಾದಾ ಕುಣಿಕೆ ಹಾಕಿದೆ. ಸರಿಯಾಗಿ ಕೂತಿತು. ಗುಂಡಿಪಟ್ಟಿಯ ಕುಣಿಕೆ ಇದರಲ್ಲಿ ಸೇರಿಲ್ಲ, ಅದು ಬೇರೆ.

ಕೂಸಿನದಕ್ಕೆ ಲೇಸ್ ಕೆಳಗಿನ ಅಂಚಿನಲ್ಲಿ ಮಾತ್ರ. ತೋಳಿಗೆ ಬೇಡವೇ ಬೇಡ, ಪುಟ್ಟ ಬೆರಳು ತೂತಿಗೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ರಿಬ್ಬನ್ ಚಂದ ಕಾಣುತ್ತದೆ ನಿಜ, ಆದರೆ ಕಟ್ಟುವ ದಾರ ಯಾವುದೂ ಕೂಸಿನ ಕುತ್ತಿಗೆಯ ಹತ್ತಿರ ಇರಬಾರದು. ಚಪ್ಪಟೆ ಗುಂಡಿಯನ್ನೇ ಗಟ್ಟಿಯಾಗಿ ಹೊಲಿದು, ನಾನೇ ಎಳೆದು ನೋಡಿ ಕೊಡುವುದು.

ಹತ್ತಿಯ ಗುಣ ಗೊತ್ತಿದ್ದವರೇ ಹತ್ತಿಗೆ ಕೈ ಹಾಕಬೇಕು. ಉಣ್ಣೆಯ ಲೇಸನ್ನು ಒದ್ದೆ ಮಾಡಿ, ಎಳೆದು, ಪಿನ್ನು ಚುಚ್ಚಿ ಒಣಗಿಸಿದರೆ ಆ ಆಕಾರ ನಿಲ್ಲುತ್ತದೆ. ಹತ್ತಿ ಅಷ್ಟು ಹೇಳಿದ ಮಾತು ಕೇಳುವುದಿಲ್ಲ, ಅದರ ಮೇಲೆ ತನ್ನ ಭಾರಕ್ಕೆ ತಾನೇ ಕೆಳಕ್ಕೆ ಜಗ್ಗುತ್ತದೆ. ಅದಕ್ಕೆ ದೊಡ್ಡವಳದ್ದನ್ನು ಉದ್ದದಲ್ಲಿ ಒಂದಿಂಚು ಗಿಡ್ಡವೇ ಮಾಡುತ್ತಿದ್ದೇನೆ. ಒಗೆದ ಮೇಲೆ ತಂತಿಗೆ ನೇತುಹಾಕುವ ಹಾಗೂ ಇಲ್ಲ, ಚಾಪೆಯ ಮೇಲೆ ಹರಡಬೇಕು. ಮಳೆಗಾಲದಲ್ಲಿ ಎಲ್ಲಿ ಹರಡುವುದು ಅಂತೀರಾ? ಅಡಿಕೆ ಒಣಗಿಸಲು ಮಾಡಿದ ಪ್ಲಾಸ್ಟಿಕ್ ಚಪ್ಪರ ಇದೆಯಲ್ಲ, ಅದರೊಳಗೆ. ಸ್ವಲ್ಪ ಬಿಸಿಲು ಬಿದ್ದರೂ ಒಳಗೆ ಕಾವು ಕೂತಿರುತ್ತದೆ. ಅಡಿಕೆಯ ಕರೆ ತಾಗದ ಹಾಗೆ ಅಡಿಗೆ ಹಳೇ ಬೆಡ್‌ಶೀಟ್ ಹಾಕಿದರೆ ಸಾಕು.

ಈಗ ಕೂಸಿನದು ಮುಗಿದಿದೆ. ಗುಂಡಿಗೆ ಮಾತ್ರ ಕಾಸರಗೋಡು ಪೇಟೆಗೆ ಹೋಗಬೇಕು. ದೊಡ್ಡವಳದ್ದರಲ್ಲಿ ಮೈ ಆಗಿದೆ, ಒಂದು ತೋಳು ಮೊಣಕೈ ದಾಟಿದೆ. ಎರಡನೆಯ ತೋಳು ಹೆಣೆಯುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ, ಅಲ್ವಾ? ಮೈಗೂ ತೋಳಿಗೂ ಒಂದೇ ಲಾಟಿನ, ಅಂದರೆ ಒಟ್ಟಿಗೇ ಬಣ್ಣ ಹಾಕಿದ ನೂಲು ಮೊದಲೇ ತೆಗೆದಿಟ್ಟಿದ್ದೇನೆ, ಹಾಗಾಗಿ ಬಣ್ಣದ ಚಿಂತೆಯಂತೂ ಇಲ್ಲ.