ಅಗ್ರಿಮೆಂಟಿನಲ್ಲಿ ಏನೇನು ಬದಲಾಗಿದೆ? ವರ್ಡನ್ನೇ ಕೇಳಿ

ಹೋದ ವರ್ಷ ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ಬ್ರೋಕರ್ ಬಾಡಿಗೆ ಅಗ್ರಿಮೆಂಟಿನ ಕರಡನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಕನ್ನಡದಲ್ಲೇ ಇತ್ತು, 6 ಪುಟ. ಓದಿ ಎರಡು ಕಡೆ ತಿದ್ದಿಸಬೇಕು ಅಂದೆ. ಮರುದಿನ ಇನ್ನೊಂದು ಫೈಲ್ ಬಂತು. "ನೀವು ಹೇಳಿದ್ದು ಸರಿ ಮಾಡಿದೀವಿ ಸರ್, ಮಿಕ್ಕಿದ್ದೆಲ್ಲ ಹಂಗೇ ಇದೆ, ಇ-ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್ ತೆಗೆಸಿಬಿಡ್ಲಾ?" ಅಂತ ಫೋನು.

ಮತ್ತೆ 6 ಪುಟ ಓದುವ ತಾಳ್ಮೆ ನನಗಿರಲಿಲ್ಲ. ಸುಮ್ನೆ ಎರಡೂ ಫೈಲನ್ನು ವರ್ಡ್‌ಗೆ ಕೊಟ್ಟು ಹೋಲಿಸಿದೆ. ನಾನು ಹೇಳಿದ ಎರಡು ತಿದ್ದುಪಡಿ ಆಗಿದ್ದವು. ಆದರೆ ಮನೆ ಬಿಡುವ ಮೊದಲು ಕೊಡಬೇಕಾದ ನೋಟಿಸ್ 1 ತಿಂಗಳು ಇದ್ದದ್ದು 2 ತಿಂಗಳಾಗಿತ್ತು. ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಸಾಲೊಂದು ಹೊಸದಾಗಿ ಬಂದು ಕೂತಿತ್ತು. ಕೇಳಿದರೆ "ಅದು ಹಳೇ ಫಾರ್ಮ್ಯಾಟಿಂದ ಬಂದಿರಬೇಕು ಸರ್" ಅಂದರು. ಇರಬಹುದು ಬಿಡಿ.

ಈ ಹೋಲಿಕೆ 5 ನಿಮಿಷದ ಕೆಲಸ. ಕಂಪ್ಯೂಟರಿನಲ್ಲಿ ವರ್ಡ್ ಇದ್ದರೆ ಸಾಕು.

ಮೊದಲು ಎರಡೂ ಫೈಲನ್ನು ಒಂದೇ ಫೋಲ್ಡರಿಗೆ ಹಾಕಿ, ಹೆಸರು ಬದಲಾಯಿಸಿ. ವಾಟ್ಸಾಪ್‌ನಿಂದ ಇಳಿಸಿಕೊಂಡ ಫೈಲುಗಳಿಗೆ ಎಷ್ಟೋ ಸಲ ಒಂದೇ ಹೆಸರಿರುತ್ತದೆ, ಕೊನೆಗೆ ಒಂದು ಅಂಕಿ ಬಿಟ್ಟರೆ. "ಹಳೆಯದು", "ಹೊಸದು" ಅಂತ ಇಟ್ಟರೂ ಆಯಿತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಅದಲು ಬದಲಾದರೆ ಸೇರಿಸಿದ ಸಾಲು ಅಳಿಸಿದಂತೆ ಕಾಣುತ್ತದೆ, ಅಳಿಸಿದ್ದು ಸೇರಿಸಿದಂತೆ, ಆಮೇಲೆ ಪೂರ್ತಿ ಗೊಂದಲ.

ಈಗ ವರ್ಡ್ ತೆರೆದು, ಮೇಲಿನ ಸಾಲಿನಲ್ಲಿ ರಿವ್ಯೂ ಒತ್ತಿ. ಅಲ್ಲಿ ಕಂಪೇರ್ ಅಂತ ಇದೆ. ಅದನ್ನು ಒತ್ತಿದರೆ ಕೆಳಗೆ ಮತ್ತೆ ಕಂಪೇರ್ ಮತ್ತು ಕಂಬೈನ್ ಅಂತ ಬರುತ್ತವೆ. ಕಂಬೈನ್ ಇರುವುದು ನಾಲ್ಕು ಜನ ಬೇರೆ ಬೇರೆಯಾಗಿ ತಿದ್ದಿದ್ದನ್ನು ಒಟ್ಟು ಮಾಡಲು. ನಮಗೆ ಬೇಕಾದದ್ದು ಕಂಪೇರ್. ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಒರಿಜಿನಲ್ ಅಂದಲ್ಲಿ ಹಳೆಯ ಫೈಲ್, ರಿವೈಸ್ಡ್ ಅಂದಲ್ಲಿ ಹೊಸ ಫೈಲ್ ಆರಿಸಿ. ಬದಲಾವಣೆಗಳಿಗೆ ಯಾರ ಹೆಸರು ಹಾಕಬೇಕು ಅಂತಲೂ ಕೇಳುತ್ತದೆ. ನಾನು "ಬ್ರೋಕರ್" ಅಂತ ಹಾಕಿದ್ದೆ, ಒಂಥರಾ ಸಮಾಧಾನ.

ಇಲ್ಲೇ ಓಕೆ ಒತ್ತಬೇಡಿ. ಕೆಳಗೆ ಮೋರ್ ಅಂತ ಒಂದು ಬಟನ್ ಇದೆ, ಅದರಲ್ಲಿದೆ ವಿಷಯ. ಏನೇನು ಹೋಲಿಸಬೇಕು ಅನ್ನುವ ಪಟ್ಟಿ ಬರುತ್ತದೆ. ಫಾರ್ಮ್ಯಾಟಿಂಗ್ ಮತ್ತು ವೈಟ್ ಸ್ಪೇಸ್ ಮುಂದಿನ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಅಕ್ಷರದ ಗಾತ್ರ ಬದಲಾದದ್ದು, ಒಂದು ಸ್ಪೇಸ್ ಜಾಸ್ತಿ ಬಿದ್ದದ್ದು ಎಲ್ಲವನ್ನೂ ತೋರಿಸಿ, ಆ ಗದ್ದಲದಲ್ಲಿ ನೋಟಿಸಿನ ಸಾಲು ಕಳೆದುಹೋಗುತ್ತದೆ. ಟೇಬಲ್, ಹೆಡರ್-ಫುಟರ್, ಅಡಿಟಿಪ್ಪಣಿಯ ಟಿಕ್ ಹಾಗೇ ಇರಲಿ. ಕೇಸ್ ಚೇಂಜಸ್ ಅನ್ನುವುದು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಕ್ಕೆ ಸಂಬಂಧಿಸಿದ್ದು, ಕನ್ನಡಕ್ಕೆ ಅದರ ಹಂಗಿಲ್ಲ.

ಕೆಳಗೆ ಕ್ಯಾರೆಕ್ಟರ್ ಲೆವೆಲ್ (ಅಕ್ಷರದ ಮಟ್ಟ), ವರ್ಡ್ ಲೆವೆಲ್ (ಪದದ ಮಟ್ಟ) ಅಂತ ಎರಡಿವೆ. ಕನ್ನಡಕ್ಕೆ ವರ್ಡ್ ಲೆವೆಲ್ಲೇ ಇರಲಿ. ನಮ್ಮ "ಕೊ" ಕಣ್ಣಿಗೆ ಒಂದಕ್ಷರ, ಆದರೆ ಕಂಪ್ಯೂಟರಿಗೆ ಅದು "ಕ" ಬೇರೆ, ಗುಣಿತದ ಚಿಹ್ನೆ ಬೇರೆ. ಅಕ್ಷರದ ಮಟ್ಟದಲ್ಲಿ ಹೋಲಿಸಿದರೆ ಬರೀ ಗುಣಿತದ ಚಿಹ್ನೆಯನ್ನು ಕತ್ತರಿಸಿ ತೋರಿಸಬಹುದು, ಓದಲು ಆಗುವುದಿಲ್ಲ. ಕೊನೆಯದಾಗಿ ನ್ಯೂ ಡಾಕ್ಯುಮೆಂಟ್ ಆರಿಸಿ, ಆಗ ನಿಮ್ಮ ಎರಡೂ ಫೈಲ್ ಹಾಗೇ ಇರುತ್ತವೆ. ಈಗ ಓಕೆ.

ಪರದೆ ಹೋಳಾಗುತ್ತದೆ. ಎಡಕ್ಕೆ ಬದಲಾವಣೆಗಳ ಪಟ್ಟಿ, ನಡುವೆ ಗುರುತು ಹಾಕಿದ ಹೋಲಿಕೆಯ ಫೈಲ್, ಬಲಕ್ಕೆ ಮೇಲೆ ಕೆಳಗೆ ನಿಮ್ಮ ಎರಡು ಫೈಲುಗಳು. ಸೇರಿಸಿದ್ದಕ್ಕೆ ಕೆಳಗೆ ಗೆರೆ, ತೆಗೆದದ್ದಕ್ಕೆ ನಡುವೆ ಹೊಡೆದುಹಾಕಿದ ಗೆರೆ. ಬಲಗಡೆಯ ಫೈಲುಗಳು ಕಾಣದಿದ್ದರೆ ಮತ್ತೆ ಕಂಪೇರ್ ಒತ್ತಿ, ಶೋ ಸೋರ್ಸ್ ಡಾಕ್ಯುಮೆಂಟ್ಸ್‌ನಲ್ಲಿ ಶೋ ಬೋತ್ ಆರಿಸಿ. ಆಮೇಲೆ ನೆಕ್ಸ್ಟ್ ಒತ್ತುತ್ತಾ ಒಂದೊಂದೇ ನೋಡಿಕೊಂಡು ಹೋಗಿ. ಉದ್ದದ ಸಾಲು ತಾನಾಗೇ ಕಣ್ಣಿಗೆ ಬೀಳುತ್ತದೆ. 1 ಹೋಗಿ 2 ಬಂದದ್ದು, "ತಕ್ಕದ್ದು" ಹೋಗಿ "ತಕ್ಕದ್ದಲ್ಲ" ಬಂದದ್ದು ಬೀಳುವುದಿಲ್ಲ. ಅಲ್ಲಿ ನಿಲ್ಲಿ.

ಎಲ್ಲವೂ ಕೆಂಪಾದರೆ? ಕನ್ನಡದವರಿಗೆ ಈ ತಾಪತ್ರಯ ಸಾಮಾನ್ಯ. ನಮ್ಮೂರ ಸೊಸೈಟಿಯ ಬೈಲಾ ಹೋಲಿಸಲು ಹೋದಾಗ ಮೊದಲ ಪುಟದಿಂದ ಕೊನೆಯವರೆಗೆ ಒಂದು ಪದವೂ ಉಳಿಯದಂತೆ ಎಲ್ಲಕ್ಕೂ ಗೆರೆ ಬಿದ್ದಿತ್ತು. ಕಾರಣ ಇಷ್ಟೇ, ಒಂದು ಫೈಲು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು, ಇನ್ನೊಂದು ಈಗಿನ ಫೋನು, ಕಂಪ್ಯೂಟರುಗಳು ಬಳಸುವ ಯೂನಿಕೋಡಿನಲ್ಲಿ. ಹಳೆಯ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ವೇಷ. ಪರೀಕ್ಷಿಸಲು ಒಂದು ಸಾಲನ್ನು ಆರಿಸಿ ಫಾಂಟನ್ನು ಏರಿಯಲ್‌ಗೆ ಬದಲಾಯಿಸಿ. ಕನ್ನಡ ಹಾಗೇ ಉಳಿದರೆ ಯೂನಿಕೋಡ್. ವಿಚಿತ್ರ ಅಕ್ಷರಗಳಾದರೆ ಹಳೆಯದು, ಮೊದಲು ಅದನ್ನು ಪರಿವರ್ತಕದಿಂದ ಯೂನಿಕೋಡ್ ಮಾಡಿಕೊಳ್ಳಿ. ಪರಿವರ್ತನೆಯಲ್ಲಿ ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಅವೂ ಬದಲಾವಣೆ ಅಂತಲೇ ತೋರುತ್ತವೆ.

ಇನ್ನೊಂದು ತಮಾಷೆ ಇದೆ. ಎರಡೂ ಕಡೆ ಒಂದೇ ಪದ ಕಾಣುತ್ತದೆ, ಆದರೂ ಗೆರೆ ಬಿದ್ದಿರುತ್ತದೆ. "ಬೆಂಗಳೂರು" ಅಂತ ಟೈಪ್ ಮಾಡುವಾಗ ಯಾರೋ ಅನುಸ್ವಾರದ ಸೊನ್ನೆಯ (ಂ) ಬದಲು ಕನ್ನಡದ ಅಂಕಿ ೦ ಒತ್ತಿರುತ್ತಾರೆ. ಅಥವಾ "ರಾಜ್‌ಕುಮಾರ್" ನಡುವೆ ಒತ್ತು ಬೀಳದಂತೆ ತಡೆಯುವ ಕಾಣದ ಅಕ್ಷರ ಒಂದು ಸಲ ಒಂದು, ಇನ್ನೊಂದು ಸಲ ಎರಡು ಬಿದ್ದಿರುತ್ತದೆ. ಇವನ್ನು ನೋಡಿ ಮುಂದೆ ಹೋಗಿ.

ವರ್ಡ್ ಇಲ್ಲವೇ? ಲಿಬ್ರೆಆಫೀಸ್ ಉಚಿತ. ಅದರ ರೈಟರ್‌ನಲ್ಲಿ ಮೊದಲು ಹೊಸ ಫೈಲ್ ತೆರೆಯಬೇಕು, ಆಮೇಲೆ ಎಡಿಟ್, ಟ್ರ್ಯಾಕ್ ಚೇಂಜಸ್, ಕಂಪೇರ್ ಡಾಕ್ಯುಮೆಂಟ್, ಅಲ್ಲಿ ಹಳೆಯದನ್ನು ಆರಿಸಬೇಕು. ಗೂಗಲ್ ಡಾಕ್ಸ್‌ನಲ್ಲಿ ಉಲ್ಟಾ: ಹಳೆಯದನ್ನು ತೆರೆದು, ಟೂಲ್ಸ್‌ನಲ್ಲಿ ಕಂಪೇರ್ ಡಾಕ್ಯುಮೆಂಟ್ಸ್ ಒತ್ತಿ ಹೊಸದನ್ನು ಆರಿಸಿ. ಪಿಡಿಎಫ್ ಕಳಿಸಿದ್ದರೆ ವರ್ಡ್ 2013 ಮತ್ತು ಆಮೇಲಿನವು ಅದನ್ನೂ ತೆರೆಯುತ್ತವೆ, ಆದರೆ ಕನ್ನಡದ ಪಿಡಿಎಫ್ ನೆಟ್ಟಗೆ ಬರುವುದು ಅಪರೂಪ. ವರ್ಡ್ ಫೈಲೇ ಕಳಿಸಿ ಅಂತ ಕೇಳುವುದು ಒಳ್ಳೆಯದು.

ಹೋಲಿಕೆಯ ಫೈಲನ್ನು ಗೆರೆಗಳ ಸಮೇತ ಸೇವ್ ಮಾಡಿ ಎದುರಿನವರಿಗೆ ಕಳಿಸಿ. ನಾನು ಹಾಗೇ ಮಾಡಿದೆ. ಸಂಜೆಯೊಳಗೆ ನೋಟಿಸ್ ಮತ್ತೆ 1 ತಿಂಗಳಿಗೆ ಬಂತು. ಪೇಂಟಿಂಗ್ ಸಾಲನ್ನು ಓನರ್ ಬಿಡಲಿಲ್ಲ.