ತುಮಕೂರಿನ ಪಾರ್ಕಲ್ಲಿ ಬೀದಿಯವರ ಪಿಕ್ನಿಕ್: ನಾನು ಮಾಡಿದ ರೀತಿ

ಪಾರ್ಕಿನ ಪಿಕ್ನಿಕ್ಕನ್ನು ಬೆಳಗಿನ ತಿಂಡಿಗೆ ಇಟ್ಟುಕೊಳ್ಳಿ, ಮಧ್ಯಾಹ್ನದ ಊಟದ ಆಸೆ ಬಿಟ್ಟುಬಿಡಿ. ಏಳೂವರೆಗೆ ಜಮಖಾನ ಹಾಸಬೇಕು, ಹನ್ನೊಂದರೊಳಗೆ ಮಡಚಬೇಕು. ನಮ್ಮ ಬೀದಿಯಲ್ಲಿ ಇದನ್ನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. 'ತಿಂಡಿ ತಿನ್ನೋಕೆ ಪಾರ್ಕಿಗೆ ಯಾಕೆ ಹೋಗಬೇಕಮ್ಮ, ಮನೇಲೇ ತಿನ್ನೋಣ' ಅಂದರು ನಮ್ಮ ಭಾವ. 'ವಾಕಿಂಗ್ ಬರೋರೆಲ್ಲ ನಮ್ಮ ತಟ್ಟೆ ನೋಡ್ಕೊಂಡು ಹೋಗ್ತಾರೆ ಕಣೇ, ನಾಚಿಕೆ ಆಗಲ್ವಾ' ಅಂದರು ಎದುರುಮನೆ ಆಂಟಿ. ಈಗ 'ಮುಂದಿನದು ಯಾವಾಗ' ಅಂತ ಮೊದಲು ಕೇಳುವವರು ಇವರಿಬ್ಬರೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ನಮ್ಮದು ಏಳೆಂಟು ಮನೆ, ಮಕ್ಕಳು, ವಯಸ್ಸಾದವರು ಸೇರಿ 25 ಜನ ಅಂದುಕೊಳ್ಳಿ. ಹಿಂದೆ ನಂದಿಬೆಟ್ಟಕ್ಕೆ ಹೋದಾಗ ಎರಡು ಟೆಂಪೋ ಟ್ರಾವೆಲರ್, ಡ್ರೈವರ್ ಬಾಟಾ, ದಾರಿಯಲ್ಲಿ ಕಾಫಿ, ಮಕ್ಕಳ ಐಸ್‌ಕ್ರೀಮು ಎಲ್ಲ ಸೇರಿ ಮನೆಗೆ 2,000 ರೂಪಾಯಿ ಮೇಲೇ ಬಿತ್ತು. ದೇವರಾಯನದುರ್ಗ ಇಲ್ಲೇ 15 ಕಿ.ಮೀ. ಆಸುಪಾಸು, ಖರ್ಚು ಕಮ್ಮಿ. ಆದರೆ ಬೆಟ್ಟದ ತಿರುವಿನಲ್ಲಿ ಮಕ್ಕಳಿಗೆ ವಾಂತಿ. ನಾಮದ ಚಿಲುಮೆ ಹತ್ತಿರ ಪುಳಿಯೋಗರೆ ಡಬ್ಬಿ ಕೋತಿ ಪಾಲಾಯಿತು. ಒತ್ತಿ ಹಾಕುವ ಮುಚ್ಚಳ ತೆಗೆಯೋಕೆ ಅವಕ್ಕೆ ಬರುತ್ತೆ, ಗೊತ್ತಿರಲಿ. ಪಾರ್ಕಿನ ಪಿಕ್ನಿಕ್ಕಿಗೆ ತಿಂಡಿ, ಹಣ್ಣು, ಆಟೋ ಎಲ್ಲ ಸೇರಿ ಒಟ್ಟು 2,500 ದಾಟಿಲ್ಲ. ತಲೆಗೆ ನೂರು. ಟಾರ್ಪಲ್‌ಗೆ ಒಂದು ಸಲ ಸಾವಿರ ಚಿಲ್ಲರೆ ಹಾಕಿದ್ದು ಬೇರೆ. ಅದು ಈಗ ಮಳೆಗಾಲದಲ್ಲಿ ಎಲ್ಲರ ಮನೆಗೂ ಸುತ್ತುತ್ತಿದೆ.

ತಿಂಡಿಗೇ ಯಾಕೆ ಅಂದರೆ, ಊಟಕ್ಕೆ ಮಾಡಿ ನೋಡಿಯಾಗಿದೆ. ಅನೇಕ ಪಾರ್ಕುಗಳಲ್ಲಿ ಮಧ್ಯಾಹ್ನ ಗೇಟು ಹಾಕುತ್ತಾರೆ. ಒಂದು ಬಡಾವಣೆ ಪಾರ್ಕಿನಲ್ಲಿ ನಾವು ಬಿಸಿಬೇಳೆಬಾತ್ ಮುಚ್ಚಳ ತೆಗೆಯುವ ಹೊತ್ತಿಗೆ ಕಾವಲಿನವರು ಸೀಟಿ ಊದಿಕೊಂಡು ಬಂದರು. ಅಷ್ಟು ದೊಡ್ಡ ಪಾತ್ರೆ ಹೊತ್ತುಕೊಂಡು ಫುಟ್‌ಪಾತ್ ಮೇಲೆ ನಿಂತೆವು. ಆಮೇಲೆ ಭಾವನವರ ಮನೆ ಮಹಡಿ ಮೇಲೆ ಊಟ. ಇನ್ನೊಂದು ಸಲ ಗೇಟು ತೆಗೆದೇ ಇತ್ತು, ಆದರೆ ಬಿಸಿಲಿಗೆ ಜಾರುಬಂಡೆಯ ತಗಡು ಕಾದು ಮಗುವಿನ ತೊಡೆ ಕೆಂಪಾಯಿತು. ಹತ್ತು ಗಂಟೆ ಆದ ಮೇಲೆ ತಗಡಿನ ಜಾರುಬಂಡೆಗೆ ಮೊದಲು ನಿಮ್ಮ ಅಂಗೈ ಇಟ್ಟು ನೋಡಿ.

ಜಾಗ ಹುಡುಕುವಾಗ ನಾನು ಹೂವು, ಕಾರಂಜಿ ನೋಡುವುದಿಲ್ಲ. ಮೊದಲು ನೋಡುವುದು ಶೌಚಾಲಯ. ಬೋರ್ಡು ಇದ್ದರೆ ಸಾಲದು, ಬೀಗ ತೆಗೆದಿದೆಯಾ, ನಲ್ಲಿಯಲ್ಲಿ ನೀರು ಬರುತ್ತಾ ಅಂತ ಹಿಂದಿನ ಭಾನುವಾರ ಅದೇ ಹೊತ್ತಿಗೆ ಹೋಗಿ ನೋಡಿ. ಅತ್ತೆಯಂಥವರು ಇದೊಂದರ ಭಯಕ್ಕೇ ಹೊರಗೆ ಬಂದರೆ ನೀರು ಕುಡಿಯುವುದಿಲ್ಲ. ಎರಡನೆಯದು ಗೇಟು. ಉಯ್ಯಾಲೆಗೂ ರಸ್ತೆಗೂ ಮಧ್ಯೆ ನಾವು ಕೂತಿರಬೇಕು. ಉಯ್ಯಾಲೆಯಿಂದ 30–40 ಹೆಜ್ಜೆ ದೂರ ಸರಿ. ಹತ್ತಿರ ಕೂತರೆ ತಟ್ಟೆಗೆ ಮರಳು ಬೀಳುತ್ತೆ, ದೂರ ಕೂತರೆ ಯಾರೋ ಒಬ್ಬಳು ತಿಂಡಿ ಬಿಟ್ಟು ಕಾವಲು ನಿಲ್ಲಬೇಕು. ಆ ಒಬ್ಬಳು ಯಾವಾಗಲೂ ಹೊಸ ಸೊಸೆಯೇ ಆಗಿರುತ್ತಾಳೆ, ಅಲ್ವಾ?

ಇನ್ನು ನೆರಳು. ಇಲ್ಲೇ ಎಲ್ಲರೂ ಎಡವುವುದು. ಬೆಳಗ್ಗೆ ಏಳೂವರೆಗೆ ಎಲ್ಲಿ ನೆರಳಿದೆಯೋ ಅಲ್ಲಿ ಹಾಸುತ್ತಾರೆ. ಆಗ ನೆರಳು ಮರದಿಂದ ಬಹಳ ದೂರ ಪಡುವಣಕ್ಕೆ ಚಾಚಿರುತ್ತೆ. ಹತ್ತು ಗಂಟೆಗೆ ಅದು ಬುಡದ ಕಡೆ ಸರಿದು, ನೀವು ನಡುಬಿಸಿಲಲ್ಲಿ. ಆಮೇಲೆ 25 ಜನ, ಪಾತ್ರೆ, ಚಪ್ಪಲಿ ಎಲ್ಲ ಎತ್ತಿಕೊಂಡು ಜರುಗಬೇಕು. ನಾನು ಬಂದ ತಕ್ಷಣ ಬಿಸಿಲಿರುವ ಜಾಗದಲ್ಲೇ ಹಾಸುತ್ತೇನೆ, ರೆಂಬೆ ಮುಗಿಯುವ ಕಡೆ. ಎಳೆ ಬಿಸಿಲು ಮೈಗೆ ಹಿತ. ಒಂಬತ್ತರ ಹೊತ್ತಿಗೆ ನೆರಳು ತಾನೇ ನಮ್ಮ ಮೇಲೆ ಬರುತ್ತೆ. ಮೊದಲ ಸಲ ಎಲ್ಲರೂ ನನ್ನ ಮುಖ ನೋಡಿದರು. ಒಂಬತ್ತೂವರೆಗೆ ಸುಮ್ಮನಾದರು.

ಇದಕ್ಕೂ ಕಾಲ ಇದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. 20 ಅಡಿ ಮರದ ತುದಿಯ ನೆರಳು ನಡುಹಗಲಲ್ಲೂ ಹತ್ತಿರ ಹತ್ತಿರ 15 ಅಡಿ ಉತ್ತರಕ್ಕೆ ಬೀಳುತ್ತೆ. ಹಾಗಾಗಿ ಚಳಿಗಾಲದಲ್ಲಿ ಮರದ ವಾಯವ್ಯ ಮೂಲೆ. ಏಪ್ರಿಲ್ ಕೊನೆಯ ವಾರ, ಮತ್ತೆ ಆಗಸ್ಟ್ ನಡುವಿನಲ್ಲಿ ಸೂರ್ಯ ನಮ್ಮೂರಿನ ನೆತ್ತಿಯ ಮೇಲೇ ಇರುತ್ತಾನೆ, ಆಗ ನೇರ ಪಡುವಣ ಬದಿ.

ಮರದಲ್ಲಿ ಹೊಂಗೆಗೆ ನನ್ನ ಮೊದಲ ಮಾರ್ಕು. ಚಳಿಗಾಲದ ಕೊನೆಗೆ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಹೊಸ ಎಲೆ ಹೊತ್ತು ನಿಂತಿರುತ್ತೆ. ಬೇರೆ ಮರ ಬೋಳಾಗಿರುವಾಗ ಇದರ ಕೆಳಗೆ ತಂಪು. ಹೂ ಬಿಟ್ಟಾಗ ಮಾತ್ರ ಜೇನುನೊಣ ಜಾಸ್ತಿ. ಗುಲ್‌ಮೊಹರ್ ಬೇಸಿಗೆ ಶುರುವಿನಲ್ಲಿ ಬರೀ ಕಡ್ಡಿ. ಸಾಲಾಗಿ ನೆಟ್ಟ ಅಶೋಕ ಫೋಟೋಗೆ ಚೆನ್ನ, ನೆರಳಿಗೆ ಶೂನ್ಯ. ಗಸಗಸೆ ಹಣ್ಣಿನ ಮರ ಸಿಕ್ಕರೆ ಮಕ್ಕಳ ಚಿಂತೆ ಬಿಡಿ, ಅವರು ಅಲ್ಲಿಂದ ಕದಲುವುದಿಲ್ಲ. ಆದರೆ ಅದರ ಕೆಳಗೆ ಜಮಖಾನ ಹಾಸಬೇಡಿ, ಹಣ್ಣು ತುಳಿದು ಅಂಟು. ಹಾಸುವ ಮೊದಲು ಎರಡು ಕಡೆ ನೋಡಿ. ನೆಲದಲ್ಲಿ ಬಿಳಿ ಬಿಳಿ ಚುಕ್ಕೆ ಇದ್ದರೆ ಮೇಲೆ ಬೆಳ್ಳಕ್ಕಿ ರಾತ್ರಿ ತಂಗಿವೆ ಅಂತ ಅರ್ಥ. ಕತ್ತೆತ್ತಿ ನೋಡಿದಾಗ ಹೆಜ್ಜೇನು ಕಂಡರೆ ಮಾತೇ ಬೇಡ, ಬೇರೆ ಮರ. ಸೊಳ್ಳೆ ಅಂತ ಅಲ್ಲಿ ಊದುಬತ್ತಿ ಹಚ್ಚಲೂಬೇಡಿ.

ನಮ್ಮ ಮರ ಯಾವ ಪಾರ್ಕಿನದು ಅಂತ ಕೇಳಬೇಡಿ. ಹೇಳಿದರೆ ಮುಂದಿನ ಭಾನುವಾರ ನಮಗೇ ಜಾಗ ಇರುವುದಿಲ್ಲ. ಅಮಾನಿಕೆರೆ ಕಡೆ ಹೋಗುವವರಿಗೆ ಮಾತ್ರ ಒಂದು ಮಾತು: ಅಲ್ಲಿ ಗಾಜಿನ ಮನೆಯಲ್ಲಿ ಕಾರ್ಯಕ್ರಮ ಇದೆಯಾ ಅಂತ ಮೊದಲೇ ವಿಚಾರಿಸಿ. ಮೈಕಿನ ಪಕ್ಕದಲ್ಲಿ ಪಿಕ್ನಿಕ್ ಆಗಲ್ಲ. ಆಷಾಢದಲ್ಲಂತೂ ಕೆರೆ ಅಂಚು ಬೇಡವೇ ಬೇಡ. ಗಾಳಿಗೆ ಅಡಿಕೆ ಹಾಳೆ ತಟ್ಟೆ ಉಪ್ಪಿಟ್ಟಿನ ಸಮೇತ ಹಾರಿದ್ದನ್ನು ನೋಡಿದ್ದೇನೆ.

ಹುಲ್ಲುಹಾಸು ನೋಡಿ ಮರುಳಾಗಬೇಡಿ. ಬೆಳಗ್ಗೆ ಮಾಲಿ ನೀರು ಬಿಟ್ಟಿರುತ್ತಾರೆ, ಇಲ್ಲವೇ ಇಬ್ಬನಿ. ಬರೀ ಜಮಖಾನ ಹಾಸಿದರೆ ಕಾಲು ಗಂಟೆಯಲ್ಲಿ ಎಲ್ಲರ ಸೀರೆ ಒದ್ದೆ. ಕೆಳಗೆ ಟಾರ್ಪಲ್, ಮೇಲೆ ಜಮಖಾನ. ನೆಲಕ್ಕೆ ಕೂರಲಾಗದ ಹಿರಿಯರಿಗೆ ಶಾಮಿಯಾನದವರಿಂದ ನಾಲ್ಕು ಕುರ್ಚಿ ತರಿಸುತ್ತಿದ್ದೆ. ಬಾಡಿಗೆ 40 ರೂಪಾಯಿ, ಅದನ್ನು ಸಾಗಿಸುವ ಆಟೋಗೆ 150! ಈಗ ಪಾರ್ಕಿನ ಕಲ್ಲುಬೆಂಚು ಇರುವ ಕಡೆಯೇ ಹಾಸುತ್ತೇವೆ, ಬೆಂಚಿನ ಮೇಲೆ ಒಂದು ಚಾಪೆ. ಬಾಡಿಗೆ ಉಳಿಯಿತು.

ತಿಂಡಿಗೆ ತಟ್ಟೆ ಇಡ್ಲಿ ಅಂತ ಎಲ್ಲರ ಬಾಯಲ್ಲೂ ಬಂದೇ ಬರುತ್ತೆ. ಅದಕ್ಕೇ ಹೆಸರಾದ ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ಬೇರೆ ಏನು ಬರಬೇಕು? ತಂದೆವು. ಅರ್ಧ ಗಂಟೆಯಲ್ಲಿ ತಣ್ಣಗಾಗಿ ಅಂಚೆಲ್ಲ ಒಣಗಿತ್ತು. ಡಬ್ಬಿಯ ತಳಕ್ಕೆ ಬಾಳೆ ಎಲೆ, ಮೇಲೆ ಒದ್ದೆ ಹತ್ತಿ ಬಟ್ಟೆ ಹಾಕಿದರೆ ಸುಮಾರಾಗಿ ಉಳಿಯುತ್ತೆ. ನಾನು ಇನ್ನೂ ಒಂದು ಮಾಡುತ್ತೇನೆ, ಒಂಬತ್ತಕ್ಕೂ ಹಬೆ ಆಡುತ್ತೆ. ಅದನ್ನು ಹೇಳಿದರೆ ನನಗೇನು ಬೆಲೆ ಉಳಿಯುತ್ತೆ? ಕಾಯಿ ಚಟ್ನಿ ಬೇಡ, ಹಳಸುತ್ತೆ. ಚಟ್ನಿಪುಡಿ, ತುಪ್ಪ ಸಾಕು. ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಬೇಯಿಸಿದ ಕಡಲೆಕಾಯಿ. ಮಕ್ಕಳ ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ. ಹತ್ತೂವರೆಗೆ ಹುಳಿ ಬಂದಿರಲ್ಲ. ತಟ್ಟೆಯ ವಿಷಯಕ್ಕೆ ಬಂದರೆ, ಪ್ಲಾಸ್ಟಿಕ್ ತಟ್ಟೆ ಲೋಟಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಹಾಳೆ ತಟ್ಟೆಗೆ ಐದಾರು ರೂಪಾಯಿ. ಕೊನೆಗೆ ಸ್ಟೀಲ್ ತಟ್ಟೆಗೇ ಬಂದೆವು. ಅವರವರ ತಟ್ಟೆ ಅವರವರೇ ತರಬೇಕು, ಅವರವರ ಮನೆಯಲ್ಲೇ ತೊಳೆಯಬೇಕು. ಜಗಳ ಮುಗಿಯಿತು.

ಇರುವೆ ಮೇಲೆ ನನ್ನದೊಂದು ಸಂಶೋಧನೆಯೇ ನಡೆದಿದೆ. ಅರಿಶಿನದ ಗೆರೆ ಎಳೆದೆ, ಕಟ್ಟಿರುವೆ ನೆಂಟರ ಮನೆಗೆ ಬಂದಂತೆ ದಾಟಿಕೊಂಡು ಬಂತು. ಅಂಗಡಿಯ ಇರುವೆ ಚಾಕ್ ಮಕ್ಕಳಿರುವ ಕಡೆ ಬೇಡ. ಕೊನೆಗೆ ಅಜ್ಜಿ ಕಾಲದ ಉಪಾಯ: ಗಿಡ್ಡ ಸ್ಟೂಲಿನ ನಾಲ್ಕು ಕಾಲನ್ನು ನೀರು ತುಂಬಿದ ನಾಲ್ಕು ಬಟ್ಟಲಲ್ಲಿ ಇಟ್ಟು, ಬೆಲ್ಲ ಬಿದ್ದ ತಿಂಡಿಯನ್ನೆಲ್ಲ ಅದರ ಮೇಲೆ ಇಟ್ಟೆ. ಮೊದಲು ತೆಂಗಿನ ಕರಟ ಇಟ್ಟಿದ್ದೆ, ಅಲುಗಾಡುತ್ತೆ. ಮಜ್ಜಿಗೆಗೂ ಒಂದು ಪ್ರಯೋಗ ಆಯಿತು. ಮಡಕೆಗೆ ಒದ್ದೆ ಗೋಣಿ ಸುತ್ತಿ ಗಾಳಿಗೆ ಇಟ್ಟರೆ ಮಾರ್ಚಿನಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಂಪು. ಶ್ರಾವಣದಲ್ಲಿ ಗಾಳಿಯೇ ತೇವ, ನೀರು ಆರುವುದಿಲ್ಲ, ಮಜ್ಜಿಗೆಯೂ ತಣ್ಣಗಾಗಲ್ಲ. ಸುಮ್ನೆ ಮಡಕೆ ಹೊತ್ತಿದ್ದಷ್ಟೇ.

ಕಾವಲಿನವರಿಗೆ ಬಂದ ತಕ್ಷಣ ಮೊದಲ ತಟ್ಟೆ ತಿಂಡಿ, 'ಅಣ್ಣ, ಕಸ ಎಲ್ಲ ನಾವೇ ತಗೊಂಡು ಹೋಗ್ತೀವಿ' ಅಂತ ಒಂದು ಮಾತು. ಹೇಳಿದ ಹಾಗೆ ಎರಡು ಚೀಲದಲ್ಲಿ ತುಂಬಿಕೊಂಡೇ ಹೊರಡುತ್ತೇವೆ. ಆಮೇಲಿಂದ ಅವರೇ ಬೆಂಚು ಒರೆಸಿ ಇಟ್ಟಿರುತ್ತಾರೆ.

ಸಂಜೆಯ ಪಿಕ್ನಿಕ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಆರು ಗಂಟೆ ಆದರೆ ಸೊಳ್ಳೆ. ಕೊಬ್ಬರಿ ಎಣ್ಣೆಗೆ ಬೇವಿನ ಎಣ್ಣೆ ಬೆರೆಸಿ ಎಲ್ಲರ ಕಾಲಿಗೂ ಹಚ್ಚಿದೆ. ಸೊಳ್ಳೆ ಸ್ವಲ್ಪ ಕಮ್ಮಿಯಾಯಿತು, ಆದರೆ ಆ ವಾಸನೆಗೆ ಯಾರೂ ಬೋಂಡ ಮುಟ್ಟಲಿಲ್ಲ. ದಸರಾ ರಜೆಗೆ ನಾಲ್ಕು ಗಂಟೆಗೇ ಶುರು ಮಾಡಿ ಐದೂಮುಕ್ಕಾಲಿಗೆ ಎದ್ದುಬಿಡುವ ಲೆಕ್ಕ ಹಾಕಿದ್ದೇನೆ. ಆಗಲ್ಲ ಅಂತ ಭಾವ ಈಗಲೇ ಹೇಳಿಯಾಗಿದೆ.